ಲಾಗರ್ ಮಾತಾಡದಿದ್ದರೆ: ತೋಟದ ಡೇಟಾಲಾಗರನ್ನು ಕಂಪ್ಯೂಟರಿನಿಂದ ಹೊಂದಿಸುವಾಗಿನ ದೋಷಗಳು

ಡೇಟಾಲಾಗರ್ ಎಂದರೆ ಸೆನ್ಸರ್‌ಗಳ ಅಳತೆಯನ್ನು ಹೊತ್ತುಹೊತ್ತಿಗೆ ತಾನೇ ದಾಖಲಿಸಿಡುವ ಪೆಟ್ಟಿಗೆ. ಅದಕ್ಕೆ ಕಂಪ್ಯೂಟರ್ ಜೋಡಿಸಿದ ಕೂಡಲೇ ಸೆಟ್ಟಿಂಗ್ ಕಳಿಸುವ ಗುಂಡಿ ಒತ್ತಬೇಡಿ. ಬಹಳಷ್ಟು ಲಾಗರ್‌ಗಳಲ್ಲಿ ಹೊಸ ಸೆಟ್ಟಿಂಗ್ ಒಳಗೆ ಹೋಯಿತೆಂದರೆ ಹಳೆಯ ದಾಖಲೆ ಅಳಿಸಿಹೋಗುತ್ತದೆ. ಪರದೆಯ ಮೇಲೆ ಬರುವ ಎಚ್ಚರಿಕೆಗೆ ಅವಸರದಲ್ಲಿ ‘ಓಕೆ’ ಒತ್ತಿದರೆ ಜೂನ್, ಜುಲೈ ತಿಂಗಳ ಮಳೆಲೆಕ್ಕ ಹೋದದ್ದೇ. ಮೊದಲು ಇದ್ದ ಡೇಟಾ ಇಳಿಸಿಕೊಳ್ಳಿ. ಆಮೇಲೆ ಈಗಿನ ಸೆಟ್ಟಿಂಗನ್ನು ಒಂದು ಫೈಲಾಗಿ ಉಳಿಸಿ, ಇಲ್ಲವೇ ಪರದೆಯ ಫೋಟೋವಾದರೂ ತೆಗೆದಿಡಿ. ಸಂಪರ್ಕವೇ ಸಿಗುತ್ತಿಲ್ಲ ಎಂದಾದರೆ ರೀಸೆಟ್ ಗುಂಡಿಗೂ ಬ್ಯಾಟರಿ ತಂತಿಗೂ ಸದ್ಯ ಕೈಹಾಕಬೇಡಿ. ಹತ್ತರಲ್ಲಿ ಏಳೆಂಟು ಸಲ ತಪ್ಪು ಇರುವುದು ಲಾಗರಿನ ಒಳಗಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಕೆ ತೋಟಕ್ಕೆ ಹೊಂದುವಂಥ ಒಂದು ಜೋಡಣೆ: ಟಿಪ್ಪಿಂಗ್ ಬಕೆಟ್ ಮಳೆಮಾಪಕ (ನೀರು ತುಂಬಿದಂತೆಲ್ಲ ಮಗುಚುವ ಪುಟ್ಟ ಬಕೆಟ್ಟಿನ ಎಣಿಕೆಯಿಂದ ಮಳೆ ಅಳೆಯುವಂಥದ್ದು), ಉಷ್ಣಾಂಶ ಮತ್ತು ತೇವಾಂಶದ ಒಂದು ಸೆನ್ಸರ್, ಮಣ್ಣಿನ ತೇವ ನೋಡುವ ಒಂದೆರಡು ಸೆನ್ಸರ್, 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ, 10 ವಾಟಿನ ಸೋಲಾರ್ ಪ್ಯಾನಲ್, ಬೇಕಿದ್ದರೆ ಸಿಮ್ ಹಾಕುವ ಮೋಡೆಮ್. ಕಂಪೆನಿ ಯಾವುದೇ ಇರಲಿ, ದೋಷ ಹುಡುಕುವ ಕ್ರಮ ಹೆಚ್ಚುಕಮ್ಮಿ ಒಂದೇ.

ಚೀಲದಲ್ಲಿ ಇರಬೇಕಾದವು: ಮಲ್ಟಿಮೀಟರ್, ಒಂದು ಪೇಪರ್ ಕ್ಲಿಪ್, ಡೇಟಾ ಹೋಗುವುದೆಂದು ಖಾತ್ರಿಯಿರುವ ಇನ್ನೊಂದು ಯುಎಸ್‌ಬಿ ಕೇಬಲ್, ಸಣ್ಣ ಸ್ಕ್ರೂಡ್ರೈವರ್, ಹೊಸ ಸಿಲಿಕಾ ಜೆಲ್ ಪೊಟ್ಟಣ, ಒಣ ಬಟ್ಟೆ. ಮಳೆಗಾಲದಲ್ಲಿ ದೊಡ್ಡ ಕೊಡೆ ಮತ್ತು ಅದನ್ನು ಹಿಡಿಯಲು ಇನ್ನೊಬ್ಬರು.

ಪೋರ್ಟೇ ಕಾಣದಿದ್ದರೆ

ಲಾಗರಿನ ತಂತ್ರಾಂಶ ತೆರೆಯುವ ಮೊದಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದಿಡಿ. ಕೇಬಲ್ ಚುಚ್ಚಿದಾಗ ಅಲ್ಲಿ ‘ಪೋರ್ಟ್ಸ್’ ಎಂಬ ಸಾಲಿನಡಿ ಕಾಮ್ 3, ಕಾಮ್ 7 (COM, ಸೀರಿಯಲ್ ಪೋರ್ಟಿನ ಹೆಸರು) ಎಂದೇನಾದರೂ ಹೊಸದಾಗಿ ಬರಬೇಕು, ಕಿತ್ತಾಗ ಮಾಯವಾಗಬೇಕು. ಏನೂ ಬರದಿದ್ದರೆ ಕೇಬಲ್ ಬದಲಿಸಿ. ಮೊಬೈಲ್ ಚಾರ್ಜರಿನ ಜೊತೆ ಬರುವ ಅಗ್ಗದ ಕೇಬಲ್‌ಗಳಲ್ಲಿ ಕೆಲವಕ್ಕೆ ಒಳಗೆ ಎರಡೇ ತಂತಿ. ಕರೆಂಟು ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಲಾಗರಿನ ದೀಪ ಉರಿಯುವುದರಿಂದ ಕೇಬಲ್ ಸರಿಯಿದೆ ಎಂದುಕೊಂಡು ಅರ್ಧ ದಿನ ಕಳೆಯುವವರಿದ್ದಾರೆ.

ಹಳದಿ ತ್ರಿಕೋನದೊಂದಿಗೆ ಬಂದರೆ ಡ್ರೈವರ್ ತೊಂದರೆ. ಸೀರಿಯಲ್ ಕನ್ವರ್ಟರಿನ, ಅಂದರೆ ಕಂಪ್ಯೂಟರಿನ ಯುಎಸ್‌ಬಿಯನ್ನು ಲಾಗರಿನ ಸೀರಿಯಲ್ ಪೋರ್ಟಿಗೆ ಹೊಂದಿಸುವ ಕೇಬಲ್ಲಿನ, ಚಿಪ್ ಯಾವುದೆಂದು ನೋಡಿ ಅದರದೇ ಡ್ರೈವರ್ ಹಾಕಿ. ಎಫ್‌ಟಿಡಿಐ, ಸಿಎಚ್340, ಪ್ರಾಲಿಫಿಕ್, ಸಿಪಿ2102 ಇವೇ ಸಾಮಾನ್ಯವಾಗಿ ಸಿಗುವವು. ಪ್ರಾಲಿಫಿಕ್‌ನ ಹಳೆಯ ಚಿಪ್ ಅಥವಾ ಅದರ ನಕಲಿ ಇದ್ದರೆ ಹೊಸ ವಿಂಡೋಸ್‌ನಲ್ಲಿ ‘ಕೋಡ್ 10’ ಎಂದೋ, ಈ ಚಿಪ್ 2012ರಿಂದ ನಿಂತಿದೆ ಎಂಬರ್ಥದ ಸಾಲೋ ಕಾಣಿಸುತ್ತದೆ. ‘ಅಪ್‌ಡೇಟ್ ಡ್ರೈವರ್’ ಒಳಗೆ ಹೋಗಿ, ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ಆಯ್ಕೆಯಲ್ಲಿ ಹಳೆಯ ಆವೃತ್ತಿ ಹಿಡಿದರೆ ಕೆಲಸ ನಡೆಯುತ್ತದೆ. ಆದರೆ ಮುಂದಿನ ವಿಂಡೋಸ್ ಅಪ್‌ಡೇಟ್ ಬಂದಾಗ ಮತ್ತೆ ಅದೇ ಪಾಡು. ಒಂದು ಒಳ್ಳೆಯ ಕನ್ವರ್ಟರ್ ಕೊಂಡು ಲಾಗರಿನ ಪೆಟ್ಟಿಗೆಯ ಜೊತೆಗೇ ಕಟ್ಟಿಡುವುದು ವಾಸಿ. ಉಬುಂಟು 22.04ರಲ್ಲಿ ಸಿಎಚ್340 ಚುಚ್ಚಿದ ತಕ್ಷಣ ಕಂಡು ಮಾಯವಾಗುತ್ತಿದ್ದರೆ ಬ್ರೈಲ್ ಸಾಧನಗಳ ಸೇವೆಯಾದ ಬಿಆರ್‌ಎಲ್‌ಟಿಟಿವೈ ಅದನ್ನು ಎಳೆದುಕೊಂಡಿರುತ್ತದೆ, ಅದನ್ನು ತೆಗೆದುಹಾಕಿ. ಲಿನಕ್ಸ್‌ನಲ್ಲಿ ‘ಅನುಮತಿ ಇಲ್ಲ’ ಎಂದು ಬಂದರೆ ನಿಮ್ಮ ಖಾತೆಯನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಮಾಡಿ ಮತ್ತೆ ಬನ್ನಿ.

ಪೋರ್ಟ್ ಕಾಣುತ್ತದೆ, ಆದರೆ ತಂತ್ರಾಂಶದ ಪಟ್ಟಿಯಲ್ಲಿ ಇಲ್ಲ ಎಂದಾದರೆ ಸಂಖ್ಯೆ ನೋಡಿ. ಕನ್ವರ್ಟರನ್ನು ಬೇರೆ ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದಾಗ ವಿಂಡೋಸ್ ಹೊಸ ಹೊಸ ಸಂಖ್ಯೆ ಕೊಡುವುದುಂಟು. ಹಳೆಯ ತಂತ್ರಾಂಶಗಳಲ್ಲಿ ಕೆಲವು ಕಾಮ್ 9ರ ಮೇಲಿನದನ್ನು ತೋರಿಸುವುದೇ ಇಲ್ಲ. ಪೋರ್ಟಿನ ‘ಅಡ್ವಾನ್ಸ್‌ಡ್’ ಒಳಗೆ ಸಂಖ್ಯೆಯನ್ನು ಕಾಮ್ 3 ಅಥವಾ 4ಕ್ಕೆ ಇಳಿಸಿ. ‘ಆಕ್ಸೆಸ್ ಡಿನೈಡ್’ ಎಂದರೆ ಬೇರೊಂದು ಪ್ರೋಗ್ರಾಂ ಅದೇ ಪೋರ್ಟನ್ನು ಹಿಡಿದುಕೊಂಡಿದೆ ಎಂದೇ ಅರ್ಥ. ಮೊದಲು ಪರೀಕ್ಷೆಗೆಂದು ತೆರೆದ ಪುಟ್ಟಿ (PuTTY, ಪೋರ್ಟಿಗೆ ಅಕ್ಷರ ಕಳಿಸಿ ಉತ್ತರ ನೋಡುವ ಪ್ರೋಗ್ರಾಂ) ಕಿಟಕಿಯನ್ನು ಮುಚ್ಚಲು ಮರೆತಿರುತ್ತೀರಿ.

ಇನ್ನೊಂದು ವಿಚಿತ್ರ: ಲಾಗರ್ ಚುಚ್ಚಿದ ಕೂಡಲೇ ಮೌಸಿನ ಬಾಣ ಪರದೆಯ ತುಂಬ ಕುಣಿಯತೊಡಗುವುದು. ವೈರಸ್ಸೂ ಅಲ್ಲ, ಮತ್ತೊಂದೂ ಅಲ್ಲ. ಲಾಗರ್ ತಾನಾಗಿಯೇ ಸಂಖ್ಯೆಗಳನ್ನು ಕಳಿಸುತ್ತಿದ್ದರೆ ವಿಂಡೋಸ್ ಅದನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಿಳಿಯುತ್ತದೆ. ಡಿವೈಸ್ ಮ್ಯಾನೇಜರಿನ ಮೌಸ್ ಪಟ್ಟಿಯಲ್ಲಿ ಹೊಸದಾಗಿ ಬಂದ ‘ಸೀರಿಯಲ್ ಬಾಲ್‌ಪಾಯಿಂಟ್’ ಅನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಮುಂದಿನ ಸಲ ಮತ್ತೆ ಬರುತ್ತದೆ. ಎಫ್‌ಟಿಡಿಐ ಚಿಪ್ಪಾದರೆ ಪೋರ್ಟಿನ ಅಡ್ವಾನ್ಸ್‌ಡ್ ಪುಟದಲ್ಲಿ ‘ಸೀರಿಯಲ್ ಎನ್ಯೂಮರೇಟರ್’ ಎದುರಿನ ಗುರುತು ತೆಗೆದರೆ ಶಾಶ್ವತ ಪರಿಹಾರ.

ಪೋರ್ಟ್ ಇದೆ, ಉತ್ತರ ಇಲ್ಲ

ಈಗ ದಾರಿಯನ್ನು ಎರಡು ತುಂಡು ಮಾಡಿ ನೋಡಬೇಕು. ಕನ್ವರ್ಟರನ್ನು ಲಾಗರಿನಿಂದ ಬಿಡಿಸಿ. ಒಂಬತ್ತು ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ಪೇಪರ್ ಕ್ಲಿಪ್ಪಿನಿಂದ ಸೇರಿಸಿ. ಪುಟ್ಟಿಯಲ್ಲಿ ಆ ಪೋರ್ಟ್ ತೆರೆದು, ಫ್ಲೋ ಕಂಟ್ರೋಲ್ (ಡೇಟಾ ಹರಿವನ್ನು ತಡೆದು ಬಿಡುವ ವ್ಯವಸ್ಥೆ) ‘ನನ್’ ಎಂದಿಟ್ಟು ಏನಾದರೂ ಟೈಪ್ ಮಾಡಿ. ಒತ್ತಿದ ಅಕ್ಷರ ಪರದೆಯಲ್ಲಿ ಬಂದರೆ ಕಂಪ್ಯೂಟರ್, ಡ್ರೈವರ್, ಕನ್ವರ್ಟರ್ ಮೂರೂ ಸರಿ. ಕ್ಲಿಪ್ ತೆಗೆದ ಮೇಲೆ ಅಕ್ಷರ ಬರುವುದು ನಿಲ್ಲಬೇಕು. ಆಗಲೂ ಬರುತ್ತಿದ್ದರೆ ‘ಲೋಕಲ್ ಎಕೋ’ (ಒತ್ತಿದ್ದನ್ನು ಪುಟ್ಟಿಯೇ ಪರದೆಗೆ ಬರೆಯುವುದು) ಚಾಲೂ ಇದೆ, ಪರೀಕ್ಷೆ ಲೆಕ್ಕಕ್ಕಿಲ್ಲ. ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಲಾಗರನ್ನು ರಿಪೇರಿಗೆ ಕಳಿಸುವುದು ಬರೇ ದಂಡ.

ಅದು ಸರಿಯಿದ್ದರೆ ಕೇಬಲ್ಲಿಗೆ ಬನ್ನಿ. ಕಂಪ್ಯೂಟರ್ ಕಡೆಯಲ್ಲಿ 3ನೇ ಪಿನ್ ಮಾತಾಡುವುದು, 2ನೇ ಪಿನ್ ಕೇಳುವುದು, 5ನೇ ಪಿನ್ ಗ್ರೌಂಡ್. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕು. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು 5ಕ್ಕೆ ಇಟ್ಟು ಕೆಂಪು ಕಡ್ಡಿಯನ್ನು ಕನ್ವರ್ಟರಿನ 3ಕ್ಕೆ ಮುಟ್ಟಿಸಿದರೆ ಸುಮ್ಮನಿರುವಾಗ ಮೈನಸ್ 5ರಿಂದ ಮೈನಸ್ 12 ವೋಲ್ಟ್ ತೋರಿಸುತ್ತದೆ. ಲಾಗರ್ ಕಡೆಯಲ್ಲೂ ಹಾಗೆಯೇ ಅಳೆಯಿರಿ. ಮೈನಸ್ ಇರುವ ಪಿನ್ನೇ ಅದರ ಬಾಯಿ. ಎರಡೂ ಕಡೆ 3ನೇ ಪಿನ್ನೇ ಮೈನಸ್ ಆದರೆ ನೇರ ಕೇಬಲ್ ನಡೆಯದು, 2 ಮತ್ತು 3 ಅದಲುಬದಲಾದ ನಲ್ ಮೋಡೆಮ್ ಕೇಬಲ್ ಬೇಕು. ಒಂದು ಎಚ್ಚರ: ನಿದ್ರೆಯಲ್ಲಿರುವ ಲಾಗರ್ ಸೀರಿಯಲ್ ಚಿಪ್ಪಿನ ವಿದ್ಯುತ್ತನ್ನೂ ಕಡಿದಿರಬಹುದು, ಆಗ ಸೊನ್ನೆ ತೋರಿಸುತ್ತದೆ. ಗುಂಡಿ ಒತ್ತಿ ಎಬ್ಬಿಸಿ ಅಳೆಯಿರಿ.

ಲಾಗರ್ ಕಡೆ ಮೈನಸ್ ಬದಲು ಪ್ಲಸ್ 3.3 ಅಥವಾ ಪ್ಲಸ್ 5 ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಮೈನಸ್-ಪ್ಲಸ್ ವೋಲ್ಟೇಜಿನಲ್ಲಿ ಮಾತಾಡುವ ಆರ್‌ಎಸ್-232 ಅಲ್ಲ, ಸೊನ್ನೆಯಿಂದ 3.3 ಅಥವಾ 5 ವೋಲ್ಟಿನೊಳಗೇ ನಡೆಯುವ ಟಿಟಿಎಲ್ ಮಟ್ಟದ ಪೋರ್ಟ್. ಆರ್‌ಎಸ್-232 ಕನ್ವರ್ಟರನ್ನು ನೇರವಾಗಿ ಅದಕ್ಕೆ ಚುಚ್ಚಿದರೆ ಮೈನಸ್ ವೋಲ್ಟೇಜು ಹೋಗಿ ಲಾಗರಿನ ಮುಖ್ಯ ಚಿಪ್ ಸುಡಬಹುದು. ಅದಕ್ಕೆ ಬೇಕಾದದ್ದು 3.3 ಅಥವಾ 5 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಕೇಬಲ್.

ಕೇಬಲ್ಲೂ ಸರಿಯಿದ್ದು ಉತ್ತರ ಬಾರದಿದ್ದರೆ ಎಂಟರ್ ಗುಂಡಿಯನ್ನು ಸೆಕೆಂಡಿಗೊಂದರಂತೆ ನಾಲ್ಕೈದು ಸಲ ಒತ್ತಿ. ಮೊದಲಿನದು ಲಾಗರನ್ನು ಎಬ್ಬಿಸುವುದಕ್ಕೇ ಹೋಗುತ್ತದೆ. ಎದ್ದರೂ ಆಜ್ಞೆಗೆ ಉತ್ತರಿಸದ ಲಾಗರ್‌ಗಳಲ್ಲಿ ಕೆಲವಕ್ಕೆ ಸಾಲಿನ ಕೊನೆಗೆ ಸಿಆರ್ ಮತ್ತು ಎಲ್‌ಎಫ್ ಎಂಬ, ಸಾಲು ಮುಗಿಯಿತೆಂದು ಹೇಳುವ ಎರಡು ಗುರುತುಗಳೂ ಬೇಕು. ಪುಟ್ಟಿಯ ಎಂಟರ್ ಸಿಆರ್ ಒಂದನ್ನೇ ಕಳಿಸುತ್ತದೆ. ಎಂಟರ್ ಒತ್ತಿದ ಮೇಲೆ ಕಂಟ್ರೋಲ್ ಹಿಡಿದು ಜೆ ಒತ್ತಿದರೆ ಎಲ್‌ಎಫ್ ಹೋಗುತ್ತದೆ.

ಉತ್ತರ ಬರುತ್ತದೆ, ಓದಲಾಗುವುದಿಲ್ಲ

ಬಂದ ಕಸದ ರೂಪವೇ ಕಾರಣ ಹೇಳುತ್ತದೆ. ಇಡೀ ಸಾಲು ಅರ್ಥವಿಲ್ಲದ ಚಿಹ್ನೆಗಳಾದರೆ ಬಾಡ್ ದರ, ಅಂದರೆ ಬಿಟ್ ಕಳಿಸುವ ವೇಗ, ತಪ್ಪು; 9600, 19200, 38400, 57600, 115200 ಹೀಗೆ ಒಂದೊಂದಾಗಿ ನೋಡಿ. ಕೆಲವು ಅಕ್ಷರ ಸರಿ, ಕೆಲವು ವಿಕಾರ ಎಂದಾದರೆ ದರ ಸರಿಯಿದೆ, ಪ್ಯಾರಿಟಿ (ತಪ್ಪು ಹಿಡಿಯಲು ಪ್ರತಿ ಅಕ್ಷರಕ್ಕೆ ಸೇರಿಸುವ ಒಂದು ಬಿಟ್) ತಪ್ಪಿದೆ. ಲಾಗರ್ 7 ಬಿಟ್ ಈವನ್ ಪ್ಯಾರಿಟಿಯಲ್ಲಿ ಕಳಿಸುವುದನ್ನು ಕಂಪ್ಯೂಟರ್ 8 ಬಿಟ್ ನೋ ಪ್ಯಾರಿಟಿಯಲ್ಲಿ ಓದಿದರೆ ಸುಮಾರು ಅರ್ಧ ಅಕ್ಷರಗಳು ಮಾತ್ರ ಸರಿಯಾಗಿ ಕಾಣುತ್ತವೆ. ಪ್ರತಿ ಅಕ್ಷರ ಎರಡೆರಡು ಸಲ ಬಂದರೆ ಎಕೋ. ಸಾಲಿನ ಮೊದಲ ಅಕ್ಷರ ಮಾತ್ರ ಕಾಣೆಯಾದರೆ ನಿದ್ರೆ. ನಡುನಡುವೆ ತುಂಡು ಬಿಟ್ಟುಹೋದರೆ ಫ್ಲೋ ಕಂಟ್ರೋಲ್, ಇಲ್ಲವೇ ಸಡಿಲ ಕನೆಕ್ಟರ್.

ಡೇಟಾ ಇಳಿಸುವಾಗ ಪಟ್ಟಿ ಶೇಕಡಾ ಹತ್ತರಲ್ಲೇ ನಿಂತಂತೆ ಕಾಣುತ್ತದೆಯೇ? ಕಿತ್ತೆಸೆಯುವ ಮೊದಲು ಲೆಕ್ಕ ಹಾಕಿ. 9600 ಬಾಡ್ ಎಂದರೆ ಸೆಕೆಂಡಿಗೆ 960 ಬೈಟ್. 4 ಎಂಬಿ ಫೈಲು ಇಳಿಯಲು ಸುಮಾರು 70 ನಿಮಿಷ. ಅದೇ 115200ರಲ್ಲಿ 6 ನಿಮಿಷ. ಲ್ಯಾಪ್‌ಟಾಪಿನ ಸ್ಲೀಪ್ ಸೆಟ್ಟಿಂಗ್ ಹತ್ತು ನಿಮಿಷಕ್ಕಿದ್ದರೆ ನಡುವಿನಲ್ಲಿ ಪೋರ್ಟೇ ಮಲಗಿಬಿಡುತ್ತದೆ. ಪವರ್ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಎಂಬುದನ್ನೂ ಡಿಸೇಬಲ್ ಮಾಡಿಡಿ.

ಕಂಪ್ಯೂಟರ್ ಜೋಡಿಸಿದಾಗ ಎಲ್ಲ ಸರಿ, ಕಿತ್ತರೆ ದಾಖಲೆ ಇಲ್ಲ

ಯುಎಸ್‌ಬಿ ಮೂಲಕವೂ ವಿದ್ಯುತ್ ತೆಗೆದುಕೊಳ್ಳುವ ಲಾಗರ್‌ಗಳಲ್ಲಿ ಬ್ಯಾಟರಿ ಸತ್ತಿದ್ದರೂ ಪರೀಕ್ಷೆಯೆಲ್ಲ ಪಾಸು. ನೀವು ನೋಡುವಷ್ಟು ಹೊತ್ತು ಲ್ಯಾಪ್‌ಟಾಪೇ ಅದನ್ನು ಸಾಕುತ್ತಿರುತ್ತದೆ. ಹಾಗಾಗಿ ಬ್ಯಾಟರಿ ವೋಲ್ಟೇಜನ್ನು ಯಾವಾಗಲೂ ಯುಎಸ್‌ಬಿ ಕಿತ್ತ ಮೇಲೆ, ಲಾಗರಿನ ಟರ್ಮಿನಲ್ಲಿನಲ್ಲಿಯೇ ಅಳೆಯಬೇಕು. ಬ್ಯಾಟರಿಯ ತಲೆಯಲ್ಲಿ ಅಲ್ಲ. ತಲೆಯಲ್ಲಿ 12.6 ಇದ್ದು ಲಾಗರಿನಲ್ಲಿ 11 ಇದ್ದರೆ ನಡುವಿನ ಫ್ಯೂಸ್ ಹೋಲ್ಡರ್ ಅಥವಾ ಸ್ಕ್ರೂ ಹಸಿರು ಹಿಡಿದಿದೆ. ಪೂರ್ತಿ ಚಾರ್ಜಾಗಿ ಸುಮ್ಮನಿರುವ ಬ್ಯಾಟರಿ 12.7ರ ಹತ್ತಿರ ಇರುತ್ತದೆ, 11.8ಕ್ಕಿಂತ ಕೆಳಗೆ ಇಳಿದರೆ ಬಹುತೇಕ ಖಾಲಿ.

ಮೋಡೆಮ್ ಇದ್ದರೆ ಅದು ಕಳಿಸುವ ಹೊತ್ತಿಗೇ ಮೀಟರ್ ಹಿಡಿಯಿರಿ. 2ಜಿ ಮಾಡ್ಯೂಲ್‌ಗಳು ಕ್ಷಣಮಾತ್ರ 2 ಆಂಪಿಯರ್ ಎಳೆಯುತ್ತವೆ. ಹಳೆಯ ಬ್ಯಾಟರಿ 12.5ರಿಂದ ದಿಢೀರನೆ 9ಕ್ಕೆ ಕುಸಿದು, ಲಾಗರ್ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ದಾಖಲೆಯಲ್ಲಿ ಪ್ರತಿ ಸಲ ಕಳಿಸುವ ಸಮಯಕ್ಕೇ ಒಂದೊಂದು ಸಾಲು ಕಾಣೆಯಾಗಿದ್ದರೆ ಇದೇ ಕಾರಣ.

ಸೆಟ್ಟಿಂಗಿನಿಂದಲೇ ಬ್ಯಾಟರಿ ಸಾಯುವುದೂ ಉಂಟು. ಲಾಗರ್ ಸರಾಸರಿ 2 ಮಿಲಿಆಂಪಿಯರ್ ತಿಂದರೆ ದಿನಕ್ಕೆ 48 ಮಿಲಿಆಂಪಿಯರ್-ಅವರ್. 7 ಆಂಪಿಯರ್-ಅವರ್ ಬ್ಯಾಟರಿಯ ಅರ್ಧವನ್ನೇ ಬಳಸಿದರೂ ಬಿಸಿಲಿಲ್ಲದೆ 70 ದಿನ ದಾಟುತ್ತದೆ. ‘ಮೋಡೆಮ್ ಸದಾ ಚಾಲೂ’ ಎಂದು ಗುರುತು ಹಾಕಿ, ಅದು 30 ಮಿಲಿಆಂಪಿಯರ್ ಎಳೆಯುತ್ತಾ ಕೂತರೆ ದಿನಕ್ಕೆ 720. ಐದು ದಿನ ತುಂಬುವುದರೊಳಗೆ ಅದೇ ಅರ್ಧ ಮುಗಿಯಿತು. ಬೇಸಿಗೆಯಲ್ಲಿ ಪ್ಯಾನಲ್ ಇದನ್ನು ಮುಚ್ಚಿಹಾಕುತ್ತದೆ. ಜೂನ್ ಬಂದು ಮೋಡ ಕವಿದು, ಮೇಲೆ ಅಡಕೆ ಸೋಗೆಯ ನೆರಳೂ ಸೇರಿದಾಗ ಗುಟ್ಟು ರಟ್ಟಾಗುತ್ತದೆ. ದಿನಕ್ಕೆ ಒಂದೆರಡು ಸಲ ಐದು ನಿಮಿಷ ಮೋಡೆಮ್ ಎದ್ದರೆ ಸಾಕು.

ಗಡಿಯಾರ

ಗರಿಷ್ಠ ಉಷ್ಣಾಂಶ ಬೆಳಿಗ್ಗೆ ಒಂಬತ್ತಕ್ಕೆ ದಾಖಲಾಗುತ್ತಿದ್ದರೆ ಸೆನ್ಸರ್ ಬದಲಿಸಲು ಹೊರಡಬೇಡಿ. ಲಾಗರ್ ಯುಟಿಸಿಯಲ್ಲಿ, ಅಂದರೆ ಗ್ರೀನ್‌ವಿಚ್ ಸಮಯದಲ್ಲಿದೆ, ನಮ್ಮ ಮಧ್ಯಾಹ್ನ ಎರಡೂವರೆ ಅಲ್ಲಿ ಒಂಬತ್ತು ಗಂಟೆ. ವ್ಯತ್ಯಾಸ 330 ನಿಮಿಷ. ಕೆಲವು ತಂತ್ರಾಂಶದಲ್ಲಿ ಪೂರ್ಣ ಗಂಟೆ ಮಾತ್ರ ಹಾಕಲು ಜಾಗವಿರುತ್ತದೆ, ಅಲ್ಲಿ 5 ಹಾಕಿದರೆ ಅರ್ಧ ಗಂಟೆ ಹಿಂದುಳಿಯುತ್ತದೆ. ಮೋಡೆಮ್ ಕೊಡುವ ಸಮಯದ ಬಾಲದಲ್ಲಿ +22 ಎಂದಿದ್ದರೆ ಗಾಬರಿ ಬೇಡ, ಅದು ಕಾಲುಗಂಟೆಗಳ ಲೆಕ್ಕ: 22 ಕಾಲುಗಂಟೆ ಎಂದರೆ ಐದೂವರೆ ಗಂಟೆ.

ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ದಿನಾಂಕ 2000ಕ್ಕೋ 1970ಕ್ಕೋ ಓಡಿದರೆ ಒಳಗಿನ ನಾಣ್ಯದ ಗಾತ್ರದ ಲಿಥಿಯಂ ಸೆಲ್ ಮುಗಿದಿದೆ. ಸಿಆರ್2032 ಹೊಸದಾಗಿ 3 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸುತ್ತದೆ. ಬದಲಿಸುವಾಗ ಮುಖ್ಯ ಬ್ಯಾಟರಿಯನ್ನು ಜೋಡಿಸಿಯೇ ಇಡಿ.

ಅಕ್ಕಪಕ್ಕದ ಸಾದಾ ಮಳೆಮಾಪಕದ ದಿನದ ಲೆಕ್ಕ ಲಾಗರಿನದಕ್ಕೆ ತಾಳೆಯಾಗದೆ, ತಿಂಗಳ ಒಟ್ಟು ಮಾತ್ರ ಸರಿಹೋಗುತ್ತಿದ್ದರೆ ದೋಷವೇ ಇಲ್ಲ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ, ಲಾಗರಿನ ದಿನ ನಡುರಾತ್ರಿಗೆ. ಲಾಗರಿನಲ್ಲಿ ದಿನದ ಮೊತ್ತ ಮಾಡುವ ಹೊತ್ತನ್ನು 8:30ಕ್ಕೆ ಇಡಿ.

ಎಕ್ಸೆಲ್‌ನಲ್ಲಿ ತೆರೆದಾಗ ತಿಂಗಳ ಮೊದಲ ಹನ್ನೆರಡು ದಿನದ ಡೇಟಾ ಬೇರೆ ಬೇರೆ ತಿಂಗಳಿಗೆ ಚದುರಿ, 13ರಿಂದ ಮುಂದಿನದೆಲ್ಲ ಎಡಕ್ಕೆ ಒತ್ತಿಕೊಂಡು ಕೂತಿದ್ದರೆ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದು. ಅದನ್ನು ಇಂಡಿಯಾಕ್ಕೆ ಬದಲಿಸಿ, ಫೈಲನ್ನು ಹೊಸದಾಗಿ ತೆರೆಯಿರಿ. ಮೂಲ ಫೈಲಿನ ಮೇಲೆ ಮಾತ್ರ ‘ಸೇವ್’ ಒತ್ತಬೇಡಿ.

ಮಳೆಯ ಸಂಖ್ಯೆ ತಪ್ಪಿದರೆ

ಕಾಸರಗೋಡಿನಲ್ಲಿ ವರ್ಷಕ್ಕೆ ಬೀಳುವುದು 3500 ಮಿಮೀ ಆಸುಪಾಸು. 0.2 ಮಿಮೀ ಬಕೆಟ್ ಅಷ್ಟಕ್ಕೆ 17,500 ಸಲ ಆಚೀಚೆ ಬೀಳಬೇಕು. ಹಾಗಾಗಿ ಸಣ್ಣ ತಪ್ಪೂ ವರ್ಷದ ಕೊನೆಗೆ ದೊಡ್ಡದಾಗುತ್ತದೆ.

ಸಾದಾ ಮಾಪಕವೊಂದನ್ನು ಪಕ್ಕದಲ್ಲಿಟ್ಟು ಹತ್ತು ದಿನ ಹೋಲಿಸಿ, ಪ್ರತಿದಿನ ಲಾಗರಿನ ಅಂಕಿಯನ್ನು ಸಾದಾ ಮಾಪಕದ ಅಂಕಿಯಿಂದ ಭಾಗಿಸಿ. ಭಾಗಲಬ್ಧ 1 ಅಲ್ಲದೆ, ದಿನವೂ ಅದೇ ಸಂಖ್ಯೆಯಾಗಿ ಬಂದರೆ ತಪ್ಪು ಕಂಪ್ಯೂಟರಿನಲ್ಲಿದೆ. ದಿನಕ್ಕೊಂದು ಬೇರೆ ಸಂಖ್ಯೆ ಬಂದರೆ ತಪ್ಪು ತೋಟದಲ್ಲಿದೆ. 0.8 ಬಂದರೆ ಬಕೆಟ್ 0.25 ಮಿಮೀಯದ್ದು, ಸೆಟ್ಟಿಂಗಿನಲ್ಲಿ 0.2 ಹಾಕಿದ್ದೀರಿ. 0.4 ಬಂದರೆ ಬಕೆಟ್ 0.5ರದ್ದು. 0.79ರ ಆಸುಪಾಸಾದರೆ ಅಮೆರಿಕದ ಅಳತೆಯ, ಅಂದರೆ ನೂರನೇ ಒಂದಂಶ ಇಂಚಿನ, 0.254 ಮಿಮೀ ಬಕೆಟ್. ಮಳೆ ಎಷ್ಟೇ ಬಂದರೂ ಲಾಗರ್ ಚೂರುಪಾರು ತೋರಿಸುತ್ತಿದ್ದರೆ ಆ ಕಾಲಮ್ಮನ್ನು ‘ಮೊತ್ತ’ದ ಬದಲು ‘ಸರಾಸರಿ’ಗೆ ಇಟ್ಟಿರುತ್ತಾರೆ. ಗಾಳಿಯ ದಿಕ್ಕಿನಲ್ಲೂ ಇದೇ ಸರಾಸರಿ ಮೋಸ ಮಾಡುತ್ತದೆ: 359 ಮತ್ತು 1 ಡಿಗ್ರಿಯ ಸಾದಾ ಸರಾಸರಿ 180, ಅಂದರೆ ಉತ್ತರದ ಗಾಳಿ ದಕ್ಷಿಣದ್ದಾಯಿತು. ಅಲ್ಲಿ ವೆಕ್ಟರ್ ಸರಾಸರಿ ಆರಿಸಬೇಕು.

ಬಕೆಟ್ಟಿನ ಅಳತೆ ಗೊತ್ತಿಲ್ಲದಿದ್ದರೆ ನೀರು ಹೊಯ್ದು ತಿಳಿಯಬಹುದು. ಮಾಪಕದ ಬಾಯಿಯ ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ಹಿಡಿದು, ಬಕೆಟ್ಟಿನ ಊಹೆಯ ಮಿಮೀಯಿಂದ ಗುಣಿಸಿ, ಹತ್ತರಿಂದ ಭಾಗಿಸಿದರೆ ಒಂದು ಮಗುಚುವಿಕೆಗೆ ಬೇಕಾದ ಮಿಲಿಲೀಟರ್. 20 ಸೆಂಮೀ ಬಾಯಿಗೆ ವಿಸ್ತೀರ್ಣ 314, ಬಕೆಟ್ 0.2 ಆದರೆ 6.28 ಮಿಲಿ. 628 ಮಿಲಿ ನೀರನ್ನು ತಳಕ್ಕೆ ಸೂಜಿತೂತು ಮಾಡಿದ ಬಾಟಲಿಯಲ್ಲಿ ಹಾಕಿ, 40 ನಿಮಿಷದಲ್ಲಿ ಇಳಿಯುವಂತೆ ಮಾಪಕದ ಮೇಲೆ ಕಟ್ಟಿ. 100 ಎಣಿಕೆಯ ಹತ್ತಿರ ಬರಬೇಕು. ಒಮ್ಮೆಲೇ ಸುರಿದರೆ ಬಕೆಟ್ ಮಗುಚುವ ಹೊತ್ತಿನಲ್ಲಿ ನೀರು ಲೆಕ್ಕಕ್ಕೆ ಸಿಗದೆ ಹೋಗಿ ಎಣಿಕೆ ಕಡಿಮೆ ಬರುತ್ತದೆ. ಆಮೇಲೆ ಮಾಪಕವನ್ನು ಸುಮ್ಮನೆ ದೂರುತ್ತೀರಿ. ಪರೀಕ್ಷೆಯ ಸಮಯವನ್ನು ಬರೆದಿಟ್ಟು ಆ 20 ಮಿಮೀಯನ್ನು ದಾಖಲೆಯಿಂದ ತೆಗೆಯಲು ಮರೆಯಬೇಡಿ.

ಎಣಿಕೆ ಹೆಚ್ಚು ಬರುತ್ತಿದ್ದರೆ, ಅದೂ ಎರಡರಷ್ಟರ ಹತ್ತಿರ ಆದರೆ ನಿಖರವಾಗಿ ಎರಡಲ್ಲ ಎಂದಾದರೆ, ಬಕೆಟ್ ಮಗುಚಿದಾಗ ಅಯಸ್ಕಾಂತದಿಂದ ಮುಚ್ಚಿಕೊಳ್ಳುವ ರೀಡ್ ಸ್ವಿಚ್ ಒಂದು ಮಗುಚುವಿಕೆಗೆ ಎರಡು ಸಲ ತಟ್ಟುತ್ತಿದೆ. ಸೆಟ್ಟಿಂಗಿನಲ್ಲಿ ಡಿಬೌನ್ಸ್ ಸಮಯವನ್ನು (ಒಂದು ತಟ್ಟಿನ ನಂತರ ಬರುವ ತಟ್ಟನ್ನು ಲೆಕ್ಕಿಸದೆ ಬಿಡುವ ಹೊತ್ತು) 250 ಮಿಲಿಸೆಕೆಂಡಿಗೆ ಇಡಿ. ಗಂಟೆಗೆ 200 ಮಿಮೀ ಹೊಡೆದರೂ 0.2ರ ಬಕೆಟ್ 3.6 ಸೆಕೆಂಡಿಗೊಮ್ಮೆ ಮಾತ್ರ ಮಗುಚುವುದರಿಂದ ನಿಜವಾದ ಎಣಿಕೆ ತಪ್ಪದು. ಇನ್‌ಪುಟ್ಟನ್ನು ‘ಹೈ ಫ್ರೀಕ್ವೆನ್ಸಿ’ಗೆ ಇಟ್ಟಿದ್ದರೆ ‘ಸ್ವಿಚ್ ಕ್ಲೋಶರ್’ಗೆ ಬದಲಿಸಿ.

ಚಳಿಗಾಲದ ಬಿಸಿಲಲ್ಲಿ 0.2, 0.4 ಎಂದು ಮಳೆ ದಾಖಲಾದರೆ ಅದರ ಸಮಯವನ್ನು ಪಂಪು ಹಾಕುವ ಸಮಯದೊಡನೆ ಹೋಲಿಸಿ. ಪಂಪು ಶೆಡ್ಡಿನ ಸ್ಟಾರ್ಟರ್ ಎಳೆಯುವಾಗಿನ ಕಿಡಿ, ಅದೇ ಪೈಪಿನಲ್ಲಿ ಎಳೆದ ಸೆನ್ಸರ್ ತಂತಿಯಲ್ಲಿ ಒಂದು ತಟ್ಟಾಗಿ ಕಾಣುತ್ತದೆ. ತಂತಿಯನ್ನು ಬೇರೆ ಮಾಡಿ ಕನಿಷ್ಠ 30 ಸೆಂಮೀ ಅಂತರ ಕೊಡಿ, ಶೀಲ್ಡನ್ನು ಲಾಗರ್ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ.

ಇನ್ನು ತೋಟದ ಕಡೆಯ ಕಾರಣಗಳು. ನಮ್ಮಲ್ಲಿ ಒಂದನೆಯ ಆರೋಪಿ ಬೋರ್ಡೋ, ಅಂದರೆ ಮೈಲುತುತ್ತು ಮತ್ತು ಸುಣ್ಣದ ಮದ್ದು. ಮೇ ಕೊನೆಗೆ ಕೊಳೆರೋಗಕ್ಕೆಂದು ಮದ್ದು ಬಿಡುವಾಗ ಅಡಕೆ ಗೊನೆಯಿಂದ ಜಾರಿದ ಹನಿ ಮಾಪಕದ ಆಲಿಕೆಯಲ್ಲಿ ಒಣಗಿ ತಿಳಿನೀಲಿ ಗಾರೆಯಂತೆ ಕೂರುತ್ತದೆ. ಶೇಕಡಾ ಒಂದರ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆಜಿ ಸುಣ್ಣವಿರುತ್ತದೆ; ಗಟ್ಟಿಯಾಗುವುದು ಅದೇ. ಜಾಲರಿಯ ತೂತು ಅರ್ಧ ಮುಚ್ಚಿದರೆ ಜೋರು ಮಳೆ ತೊಟ್ಟಿಕ್ಕಿ ತೊಟ್ಟಿಕ್ಕಿ ಇಳಿಯುತ್ತದೆ. ಆಗ ಮಳೆ ನಿಂತು ಎರಡು ಗಂಟೆಯಾದರೂ ಲಾಗರ್ ಒಂದೇ ಸಮನೆ 0.2, 0.2 ಎಂದು ಬರೆಯುತ್ತಿರುತ್ತದೆ. ಗ್ರಾಫಿನಲ್ಲಿ ಈ ಉದ್ದ ಬಾಲ ಕಂಡರೆ ಆಲಿಕೆ ತೆಗೆದು ವಿನಿಗರ್‌ನಲ್ಲಿ ನೆನೆಸಿ ತೊಳೆಯಿರಿ. ಬಕೆಟ್ಟಿನ ಒಳಮೈ ಮಾತ್ರ ಬೆರಳಿನಿಂದ ಉಜ್ಜಬೇಡಿ. ಎಣ್ಣೆಯಂಶ ಹತ್ತಿದರೆ ನೀರು ಹನಿಯಾಗಿ ನಿಂತು ಅಳತೆ ಬದಲಾಗುತ್ತದೆ. ಮದ್ದು ಬಿಡುವ ದಿನ ಮಾಪಕಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವುದು ಒಳ್ಳೆಯ ಉಪಾಯ, ಸಂಜೆ ಬಿಚ್ಚುವ ನೆನಪಿದ್ದರೆ. ಜೂನ್ ಮೊದಲ ವಾರ ಪೂರ್ತಿ ಸೊನ್ನೆ ಎಂಬ ದೂರು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಕುಂಬಾರ ಹುಳುವಿನ ಮಣ್ಣಿನ ಗೂಡು, ಜೇಡರ ಬಲೆ, ಇರುವೆಗಳು ಬಕೆಟ್ಟನ್ನು ಒಂದು ಕಡೆಗೇ ಕಟ್ಟಿಹಾಕುತ್ತವೆ. ಕೈಯಿಂದ ಮಗುಚಿ ಮಲ್ಟಿಮೀಟರಿನ ಬೀಪ್ ಕೇಳಿ: ಒಂದು ಮಗುಚುವಿಕೆಗೆ ಒಂದು ಬೀಪ್. ಬೀಪ್ ನಿಲ್ಲದೆ ಬಡಿದರೆ ಎಲ್ಲೋ ಇನ್ಸುಲೇಶನ್ ಟೇಪ್ ಸುತ್ತಿದ ಜೋಡಣೆ ನೀರು ಕುಡಿದಿದೆ.

ಸೆನ್ಸರ್ ಮೌನ

ಆರ್‌ಎಸ್-485 ಮಾಡ್‌ಬಸ್ (ಎರಡು ತಂತಿಯಲ್ಲಿ ಹಲವು ಸೆನ್ಸರ್ ಜೋಡಿಸುವ ಕ್ರಮ) ಸೆನ್ಸರ್‌ಗಳಲ್ಲಿ ತಂತಿಯ ಎ, ಬಿ ಎಂಬ ಗುರುತನ್ನು ಎಲ್ಲ ಕಂಪೆನಿಗಳೂ ಒಂದೇ ರೀತಿ ಬಳಸುವುದಿಲ್ಲ. ಉತ್ತರ ಬಾರದಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ. ಹೊಸ ಸೆನ್ಸರ್‌ಗಳು ಬಹುತೇಕ ವಿಳಾಸ 1ರಲ್ಲೇ ಬರುತ್ತವೆ. ಎರಡನ್ನು ಒಟ್ಟಿಗೆ ಜೋಡಿಸಿದರೆ ಇಬ್ಬರೂ ಒಮ್ಮೆಲೇ ಮಾತಾಡಿ ಯಾರದ್ದೂ ಕೇಳಿಸದು. ಒಂದೊಂದನ್ನೇ ಜೋಡಿಸಿ ವಿಳಾಸ ಬದಲಿಸಿ, ಸೆನ್ಸರಿನ ಮೈಮೇಲೆ ಬರೆಯಿರಿ. ಎಸ್‌ಡಿಐ-12 ಎಂಬ ಇನ್ನೊಂದು ಜೋಡಣೆಯ ಕ್ರಮದಲ್ಲೂ ಇದೇ ಕಥೆ, ಅಲ್ಲಿ ಕಾರ್ಖಾನೆಯ ವಿಳಾಸ 0. ಒಂದೇ ಸೆನ್ಸರ್ ಇರುವಾಗ ‘?!’ ಎಂದು ಕೇಳಿದರೆ ಅದು ತನ್ನ ವಿಳಾಸ ಹೇಳುತ್ತದೆ.

ಉತ್ತರ ಬಂದರೂ ಅಂಕಿ ಅಸಂಬದ್ಧವಾದರೆ ರಿಜಿಸ್ಟರ್ (ಸೆನ್ಸರಿನೊಳಗೆ ಅಂಕಿ ಇರುವ ಜಾಗದ ಸಂಖ್ಯೆ) ಒಂದು ಮುಂದೆ ಹಿಂದೆ ಆಗಿರಬಹುದು. ಕೈಪಿಡಿಯ 40001 ಎಂದರೆ ಕೆಲವು ತಂತ್ರಾಂಶಕ್ಕೆ 0, ಕೆಲವಕ್ಕೆ 1. ಉಷ್ಣಾಂಶ 287 ಎಂದರೆ ಹತ್ತರಿಂದ ಭಾಗಿಸಿಲ್ಲ, ಅಷ್ಟೇ. 4-20 ಮಿಲಿಆಂಪಿಯರ್ ಸೆನ್ಸರ್ 0 ತೋರಿಸಿದರೆ ತಂತಿ ಕಡಿದಿದೆ, ಜೀವಂತ ಸೆನ್ಸರ್ 4ಕ್ಕಿಂತ ಕೆಳಗಿಳಿಯಬಾರದು. ಪಿಟಿ100 (ಉಷ್ಣಾಂಶಕ್ಕೆ ತಕ್ಕಂತೆ ರೋಧ ಬದಲಾಗುವ ಸೆನ್ಸರ್) ಆದರೆ ತಂತಿ ಬಿಚ್ಚಿ ಓಮ್‌ನಲ್ಲಿ ಅಳೆಯಿರಿ, 27 ಡಿಗ್ರಿಗೆ 110.5ರ ಹತ್ತಿರ ಬರಬೇಕು.

ಹುಡುಕಲು ಕಷ್ಟವಾದದ್ದು ಮುಂದಿನದು. ಕಂಪ್ಯೂಟರಿನಲ್ಲಿ ಲೈವ್ ನೋಡಿದಾಗ ಮಣ್ಣಿನ ತೇವ ಸರಿಯಾಗಿದೆ, ದಾಖಲೆಯಲ್ಲಿ ಮಾತ್ರ ಕಡಿಮೆ ಅಥವಾ ಹುಚ್ಚು ಅಂಕಿ. ಲೈವ್ ನೋಡುವಾಗ ಸೆನ್ಸರಿಗೆ ನಿರಂತರ ವಿದ್ಯುತ್ ಇರುತ್ತದೆ. ದಾಖಲಿಸುವಾಗ ಲಾಗರ್ ಕ್ಷಣಕಾಲ ಕೊಟ್ಟು, ಸೆನ್ಸರ್ ಸ್ಥಿರವಾಗುವ ಮೊದಲೇ ಓದಿ, ಕಡಿಯುತ್ತದೆ. ‘ವಾರ್ಮ್‌ಅಪ್’ ಸಮಯ 0 ಇದ್ದರೆ ಸೆನ್ಸರಿನ ಕೈಪಿಡಿ ಹೇಳುವಷ್ಟಕ್ಕೆ ಏರಿಸಿ.

ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದಾಗ ಮಾತ್ರ ಅಂಕಿ ಕುಣಿದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನೋಡಿ. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತಿಂಗ್ ಸತ್ತಿದ್ದರೆ ಇದು ಇನ್ನೂ ಹೆಚ್ಚು.

ದಾಖಲೆ ನಡುವಿನಲ್ಲಿ ನಿಂತರೆ

ಒಂದು ದಾಖಲೆ 32 ಬೈಟ್, ಸ್ಮೃತಿ 2 ಎಂಬಿ ಎಂದಿಟ್ಟುಕೊಳ್ಳಿ: 65,536 ದಾಖಲೆ. ಹತ್ತು ನಿಮಿಷಕ್ಕೊಂದಾದರೆ 455 ದಿನ. ಮಳೆಯ ಬಿರುಸು ನೋಡಬೇಕೆಂದು ಜೂನ್ 1ಕ್ಕೆ ಒಂದು ನಿಮಿಷಕ್ಕೆ ಇಳಿಸಿದರೆ 45 ದಿನ, ಜುಲೈ ನಡುವಿಗೆ ತುಂಬಿತು. ‘ತುಂಬಿದಾಗ ನಿಲ್ಲು’ ಎಂದಿದ್ದರೆ ಆಮೇಲಿನದು ಇಲ್ಲ. ‘ಹಳೆಯದರ ಮೇಲೆ ಬರೆ’ ಎಂದಿದ್ದರೆ ಜೂನ್ ಇಲ್ಲ. ಬಿರುಸೇ ಬೇಕಾದರೆ ಮಳೆ ಕಾಲಮ್ಮನ್ನು ಪ್ರತಿ ಮಗುಚುವಿಕೆಗೆ ಸಮಯ ಬರೆಯುವ ಕ್ರಮದಲ್ಲಿಟ್ಟು, ಉಳಿದವನ್ನು ಹತ್ತು ನಿಮಿಷದಲ್ಲೇ ಬಿಡಿ.

ಸಿಡಿಲಿನ ನಂತರ

ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಸಂಜೆ ಸಿಡಿಲಿನ ಮಾರನೇ ದಿನ ಲಾಗರ್ ದಾಖಲಿಸುತ್ತಿದೆ, ಪರದೆಯಲ್ಲಿ ಅಂಕಿಯೂ ಇದೆ, ಕಂಪ್ಯೂಟರಿಗೆ ಮಾತ್ರ ಉತ್ತರವಿಲ್ಲ ಎಂದಾದರೆ ಸೀರಿಯಲ್ ಡ್ರೈವರ್ ಚಿಪ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಪೇಪರ್ ಕ್ಲಿಪ್ ಪರೀಕ್ಷೆಯಲ್ಲಿ ಕನ್ವರ್ಟರ್ ಪಾಸಾಗಿ, ಎಬ್ಬಿಸಿದ ಲಾಗರಿನ ಯಾವ ಪಿನ್ನಿನಲ್ಲೂ ಮೈನಸ್ ಸಿಗದಿದ್ದರೆ ಅದು ಖಚಿತವೆನ್ನಬಹುದು. ಮ್ಯಾಕ್ಸ್232 ಜಾತಿಯ ಆ ಚಿಪ್ ಬದಲಿಸಲು ಖರ್ಚು ಕಡಿಮೆ. ಡೇಟಾ ಒಳಗೆ ಜೋಪಾನವಾಗಿರುತ್ತದೆ, ಎಸ್‌ಡಿ ಕಾರ್ಡ್ ಇದ್ದರೆ ಅದರಿಂದಲೇ ತೆಗೆಯಬಹುದು. ಗುಡುಗು ಕೇಳುತ್ತಿರುವಾಗ ಕಬ್ಬಿಣದ ಕಂಬದ ಬುಡದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವ ಕೆಲಸ ಬೇಡ.

ಹೊರಡುವ ಮುನ್ನ

ಹೊಸ ಸೆಟ್ಟಿಂಗ್ ಕಳಿಸಿದ ಮೇಲೆ ಅದನ್ನು ಲಾಗರಿನಿಂದ ಮತ್ತೆ ಓದಿಸಿ ತಾಳೆ ನೋಡಿ. ದಾಖಲೆ ಶುರುಮಾಡುವ ಆಜ್ಞೆ ಬೇರೆಯೇ ಇರುವ ಲಾಗರ್‌ಗಳಲ್ಲಿ ಅದನ್ನು ಒತ್ತುವುದೇ ಮರೆಯುವುದು ಸಾಮಾನ್ಯ. ಯುಎಸ್‌ಬಿ ಕಿತ್ತು, ಎರಡು ದಾಖಲೆಯಾಗುವಷ್ಟು ಹೊತ್ತು ಕಾದು, ಮತ್ತೆ ಜೋಡಿಸಿ ಆ ಎರಡು ಸಾಲು ಇವೆಯೇ ನೋಡಿ. ಹತ್ತು ನಿಮಿಷದ ಅಂತರವಾದರೆ ಇಪ್ಪತ್ತು ನಿಮಿಷ ತೋಟದಲ್ಲೇ ಕೂರಬೇಕು.

ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೋ, ಕಿತ್ತಳೆಯಿಂದ ಹಸಿರಿಗೋ ತಿರುಗಿದ್ದರೆ ಬದಲಿಸಿ. ಕೇಬಲ್ ತೂತಿನ ಗ್ಲ್ಯಾಂಡ್ ಬಿಗಿ ಮಾಡಿ, ತಂತಿಯನ್ನು ಪೆಟ್ಟಿಗೆಯ ಕೆಳಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ: ಬಾಡ್ ದರ, ಪ್ಯಾರಿಟಿ, ಕೇಬಲ್ ನೇರವೋ ಅಡ್ಡವೋ, ಬಕೆಟ್ಟಿನ ಮಿಮೀ, ಸೆನ್ಸರ್ ವಿಳಾಸಗಳು, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಇವತ್ತಿನ ದಿನಾಂಕ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಒಂದು ಮಳೆಗಾಲ ಬಾಳುವುದಿಲ್ಲ. ರಿಪೇರಿಗೆ ಬರುವವರು ಕಣ್ಣೂರು ಕಡೆಯವರಾದರೆ ಮಲಯಾಳದಲ್ಲೂ ಒಂದು ಸಾಲು ಇರಲಿ.